ದೊಡ್ಡದು ಮಾಡಿದ ದೀಪ

ನಮ್ಮ ಮನೆಯಲ್ಲಿ ಯಾರೂ ದೀಪ ಆರಿಸುತ್ತಿರಲಿಲ್ಲ, ದೊಡ್ಡದು ಮಾಡುತ್ತಿದ್ದರು. ಆರಿಸು ಎಂಬ ಮಾತು ಹೆಣ ಎದ್ದ ಮನೆಗೆ ಸೇರಿದ್ದು, ಬಾಳುವ ಮನೆಯಲ್ಲಿ ಅದನ್ನು ಬಾಯಿಗೆ ತರಬಾರದು ಎಂದು ಆಯಿಯ ಕಟ್ಟಪ್ಪಣೆ. ಆಯಿ ಎಂದರೆ ನಮ್ಮಪ್ಪನ ತಾಯಿ. ಆಕೆಯ ರಾಜ್ಯದಲ್ಲಿ ಬಳೆಗಳು ಒಡೆಯುತ್ತಿರಲಿಲ್ಲ, ಹೆಚ್ಚುತ್ತಿದ್ದವು. ಡಬ್ಬಿಯಲ್ಲಿ ಅಕ್ಕಿ ತೀರುತ್ತಿರಲಿಲ್ಲ, ತುಂಬುತ್ತಿತ್ತು. ಊರಿಗೆ ಹೊರಟವರು ಹೋಗುತ್ತೇನೆ ಎನ್ನುವಂತಿಲ್ಲ, ಹೋಗಿ ಬರುತ್ತೇನೆ ಎನ್ನಬೇಕು. ಮರೆತು ಬರೀ ಹೋಗುತ್ತೇನೆ ಅಂದವರನ್ನು ಮತ್ತೆ ಒಳಗೆ ಕರೆದು, ಕೂರಿಸಿ, ನೀರು ಕುಡಿಸಿ, ಸರಿಯಾಗಿ ಹೇಳಿಸಿಯೇ ಕಳಿಸುವಳು. ಹೀಗೆ ಒಮ್ಮೆ ಅಪ್ಪನ ಬಸ್ಸೇ ತಪ್ಪಿತ್ತು. ಮಾತಿಗೆ ಇಷ್ಟೆಲ್ಲ ತಿರುವು ಮುರುವು ಇದ್ದರೂ ಮನೆಯಲ್ಲಿ ಯಾರಿಗೂ ಯಾವತ್ತೂ ಗೊಂದಲವಾಗಿರಲಿಲ್ಲ. ದೀಪ ದೊಡ್ಡದು ಮಾಡು ಅಂದರೆ ಏನು ಮಾಡಬೇಕೆಂದು ಮೂರು ವರ್ಷದ ಕೂಸಿಗೂ ಗೊತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ನನ್ನ ಪರವಾಗಿ ಹೇಳಿಕೊಂಡಂತೆ ಆಗುತ್ತದೆ.

ಮನೆ ಇದ್ದದ್ದು ಸವದತ್ತಿಯಿಂದ ಹೂಲಿಗೆ ಹೋಗುವ ದಾರಿಯಲ್ಲಿ, ಗುಡ್ಡದ ಬುಡದ ಒಂದು ಊರಿನ ಕಟ್ಟಕಡೆಗೆ. ಮಣ್ಣಿನ ಮಾಳಿಗೆ ಮನೆ. ದಪ್ಪ ತೊಲೆಗಳು, ಅವುಗಳ ಮೇಲೆ ಅಡ್ಡಡ್ಡ ಜಂತಿ, ಜಂತಿಯ ಮೇಲೆ ಕಟ್ಟಿಗೆ ಹಾಸಿ ಅದರ ಮೇಲೆ ಒಂದು ಮೊಳ ಮಣ್ಣು. ಪ್ರತಿ ವರ್ಷ ಮಳೆಗೆ ಮುಂಚೆ ಹಳ್ಳದ ಆಚೆಯಿಂದ ನೀರು ಇಳಿಯದ ಕರ್ಲು ಮಣ್ಣು ತಂದು ಮಾಳಿಗೆಗೆ ಹಾಕಬೇಕು, ಇಲ್ಲದಿದ್ದರೆ ಸೋರುತ್ತದೆ. ಮನೆ ಕಟ್ಟಿದ ವರ್ಷ ಆ ಮಣ್ಣನ್ನು ತುಳಿದು ಹದ ಮಾಡಿದವಳು ಆಯಿ. ಹೊಟ್ಟೆಯಲ್ಲಿ ಅಪ್ಪನನ್ನು ಇಟ್ಟುಕೊಂಡು ತುಳಿದೆ ಎಂದು ವರ್ಷಕ್ಕೊಮ್ಮೆ, ಅಂದರೆ ಮಣ್ಣು ಹಾಕುವ ದಿನ, ತಪ್ಪದೆ ಹೇಳುತ್ತಿದ್ದಳು. ನಡುಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಅಷ್ಟೇ. ಹಗಲಿಗೆ ಅಲ್ಲಿಂದ ಒಂದು ತಟ್ಟೆಯಷ್ಟು ಬಿಸಿಲು ಇಳಿದು ನೆಲದ ಮೇಲೆ ಸರಿಯುತ್ತ ಹೋಗುತ್ತಿತ್ತು. ಆಯಿ ಮಲಗುವ ಹೊರಸು ಅದರ ಪಕ್ಕದಲ್ಲೇ. ಮೇಲೆ ಮೆಣಸಿನಕಾಯಿ ಒಣಹಾಕಿದವರನ್ನು ಊಟಕ್ಕೆ ಕರೆಯುವುದು, ಹಪ್ಪಳ ಕಾಯುವ ನನ್ನನ್ನು ಬೈಯುವುದು, ಎಲ್ಲವೂ ಆ ಕಿಂಡಿಯ ಕೆಳಗೆ ನಿಂತು, ಮುಖ ಮೇಲೆತ್ತಿ.

ಅಪ್ಪ ಸವದತ್ತಿಯಲ್ಲಿ ಮೋಟರ್ ವೈಂಡಿಂಗ್ ಮಾಡುತ್ತಿದ್ದ. ಸುಟ್ಟ ಪಂಪ್‌ಸೆಟ್ಟಿನ ಹಳೆ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಸುತ್ತುವಾಗ ಬಾಯಲ್ಲಿ ಎಣಿಕೆ, ಕೈಯಲ್ಲಿ ತಂತಿ, ನಡುವೆ ಯಾರು ಮಾತಾಡಿಸಿದರೂ ಕಣ್ಣು ಕೆಂಪಾಗುತ್ತಿತ್ತು. ಊರಿಗೆಲ್ಲ ಮೋಟರ್ ತಿರುಗಿಸಿ ಕೊಡುವವನ ಮನೆಯಲ್ಲಿ ಸಂಜೆ ಆರಕ್ಕೆ ಕರೆಂಟು ಹೋದರೆ ಊಟದ ಹೊತ್ತು ಮೀರಿದ ಮೇಲೆ ಬರುತ್ತಿತ್ತು. ಅದೇ ವರ್ಷ ಗುಡ್ಡದ ನೆತ್ತಿಯ ಮೇಲೆ ಯಾವುದೋ ಕಂಪನಿಯವರು ದೊಡ್ಡ ದೊಡ್ಡ ಗಾಳಿಯಂತ್ರ ನಿಲ್ಲಿಸಿದರು. ಅವು ಹಗಲೂ ಇರುಳೂ ತಿರುಗುತ್ತಿದ್ದವು, ನಾವು ಅವುಗಳ ಕೆಳಗೆ ಕಂದೀಲಿನಲ್ಲಿ ಉಣ್ಣುತ್ತಿದ್ದೆವು. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಬಾಗಿಲಾಚೆ ಅವುಗಳನ್ನೇ ನೋಡುತ್ತಿದ್ದ. ಒಂದು ದಿನ ತನ್ನಷ್ಟಕ್ಕೆ ತಾನೇ ಅಂದ:

"ನಮ್ಮ ತೆಲಿ ಮ್ಯಾಲಿನ ಗಾಳಿ, ಯಾವ ಊರಿಗೋ ದೀಪ. ಗಾಳಿ ಬಂದಾಗ ತೂರಿಕೋಬೇಕು ಅಂತಾರ. ನಾವು ಬರೇ ಮೈಮ್ಯಾಲ ಹೊಟ್ಟು ಉಗ್ಗಿಸ್ಕೊಂಡು ಕುಂತೇವಿ."

ಆಮೇಲೆ ಮೂರು ತಿಂಗಳು ನಮ್ಮ ಪಡಸಾಲೆ ಅವನ ಇನ್ನೊಂದು ಅಂಗಡಿಯಾಯಿತು. ಗುಜರಿಯಿಂದ ಹಳೆ ಕಾರಿನ ಚಕ್ರದ ನಡುವಿನ ಹಬ್ಬು ಬಂತು. ಒಡೆದ ಸ್ಪೀಕರುಗಳ ಬೆನ್ನಿನಿಂದ ಆಯಸ್ಕಾಂತ ಕಿತ್ತು ಒಂದು ಕಬ್ಬಿಣದ ತಟ್ಟೆಗೆ ಸುತ್ತಲೂ ಅಂಟಿಸಿದ. ಸುರುಳಿಗಳನ್ನು ತಾನೇ ಸುತ್ತಿದ, ಆಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಣಿಕೆ ಹೇಳಿಸುತ್ತಿದ್ದ. ತಪ್ಪಿದರೆ ತಲೆಗೊಂದು ಮೊಟಕು. ಸಾಗವಾನಿಯ ಹಳೆ ಬಾಗಿಲಿನಿಂದ ಮೂರು ರೆಕ್ಕೆ ಕೆತ್ತಿದ. ಹಿಂದೆ ಎಣ್ಣೆ ಡಬ್ಬಿಯ ತಗಡಿನ ಬಾಲ. ಆ ಬಾಲಕ್ಕೆ ಒಂದು ಹಗ್ಗ. ಹಗ್ಗ ಎಳೆದು ಮಾಳಿಗೆಯ ಗೂಟಕ್ಕೆ ಕಟ್ಟಿದರೆ ಬಾಲ ಮಡಚಿ, ಯಂತ್ರ ಗಾಳಿಯಿಂದ ಮುಖ ತಿರುಗಿಸಿ ನಿಲ್ಲುತ್ತದೆ. ಹಗ್ಗ ಬಿಟ್ಟರೆ ಗಾಳಿಗೆ ಮುಖ ಕೊಟ್ಟು ತಿರುಗುತ್ತದೆ. ಇಷ್ಟೇ ಅದರ ಲಗಾಮು. ಎಲ್ಲ ಸರಿ ಇತ್ತು, ಕಂಬ ಎಲ್ಲಿ ಹುಗಿಯುವುದು ಎಂಬಲ್ಲಿ ಜಗಳವಾಯಿತು. ಅಂಗಳದಲ್ಲಿ ಒಂದು ಗೇಣು ಅಗೆದರೆ ಬಂಡೆ. ಅಪ್ಪ ಮಾಳಿಗೆಯ ಮಣ್ಣು ಕೊರೆದು ಬೋರ್‌ವೆಲ್ಲಿನ ಪೈಪು ಇಳಿಸಿ, ನಡುಮನೆಯ ದೊಡ್ಡ ತೊಲೆಗೇ ಕಬ್ಬಿಣದ ಪಟ್ಟಿಯಿಂದ ಬಿಗಿದ. ಆಯಿ ಅಂದು ಉಣ್ಣಲಿಲ್ಲ.

"ಗ್ವಾದಲಿ ಗೂಟಕ್ಕ ಹ್ವಾರಿ ಕಟ್ಟಿದಂಗ ಮನಿ ತೊಲಿಗೆ ಕಟ್ಟೀಯಲ್ಲೋ. ಅದು ಜಗ್ಗಿದ್ರ ಏನ ಮಾಡಾಂವ?"

"ಜಗ್ಗೂದಿಲ್ಲ ಬೇ. ನಾಕೂ ಕಡೆ ತಂತಿ ಬಿಗದೇನಿ. ನೀ ಉಣ್ಣು."

ಮೊದಲ ಸಂಜೆ ನಡುಮನೆಯಲ್ಲಿ ಲಾರಿಯ ಹೆಡ್‌ಲೈಟಿನ ಬಲ್ಬು ಹೊತ್ತಿದಾಗ ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ನೋಡಿದಳು. ಗಾಳಿ ಏರಿದರೆ ಬೆಳಕು ಏರುತ್ತಿತ್ತು, ಇಳಿದರೆ ಇಳಿಯುತ್ತಿತ್ತು. ಬ್ಯಾಟರಿ ಆಮೇಲೆ ತರುತ್ತೇನೆ ಎಂದು ಅಪ್ಪ ಹೇಳುತ್ತಲೇ ಇದ್ದ, ತರಲೇ ಇಲ್ಲ. ಬ್ಯಾಟರಿ ಇಲ್ಲದ್ದರಿಂದ ಒಂದು ಕಟ್ಟುನಿಟ್ಟಾದ ನಿಯಮವಿತ್ತು. ಯಂತ್ರ ತಿರುಗುತ್ತಿರುವಾಗ ಬಲ್ಬಿನ ಗುಂಡಿ ಒತ್ತಿ ಆಫ್ ಮಾಡುವಂತಿಲ್ಲ. ಹೊರೆ ಇಳಿಸಿದ ಎತ್ತಿನ ಹಾಗೆ ಅದು ಹುಚ್ಚೆದ್ದು ಓಡುತ್ತದೆ. ದೀಪ ಬೇಡವಾದರೆ ಮಾಳಿಗೆ ಹತ್ತಿ ಬಾಲದ ಹಗ್ಗ ಎಳೆಯಬೇಕು. ಆ ಕೆಲಸ ನನ್ನದಾಯಿತು. ಉಂಡು ಕೈ ತೊಳೆದ ಮೇಲೆ ನಾನು ಮೇಲೆ ಹೋಗುತ್ತಿದ್ದೆ, ಆಯಿ ಬೆಳಕಿಂಡಿಯ ಕೆಳಗೆ ನಿಂತು ಕೂಗುತ್ತಿದ್ದಳು, ದೀಪ ದೊಡ್ಡದು ಮಾಡು ಎಂದು. ನಾನು ಹಗ್ಗ ಎಳೆದು ಕಟ್ಟುತ್ತಿದ್ದೆ. ಒಂದು ದಿನವಲ್ಲ, ಎರಡು ದಿನವಲ್ಲ, ಇಡೀ ಚಳಿಗಾಲ, ಇಡೀ ಬೇಸಿಗೆ.

ಆ ಬೆಳಕನ್ನು ನಾನು ಎಷ್ಟು ಹಚ್ಚಿಕೊಂಡಿದ್ದೆ ಎಂದು ಹೇಳಲು ನನಗೆ ಈಗಲೂ ನಾಚಿಕೆಯಿಲ್ಲ. ಹನ್ನೊಂದು ವರ್ಷದ ನನಗೆ ಜೀವನದಲ್ಲಿ ಮೊದಲ ಸಲ ನನ್ನದು ಎಂದು ತೋರಿಸಲು ಏನೋ ಸಿಕ್ಕಿತ್ತು. ಸಾಲೆಯಲ್ಲಿ ನನಗೆ ಫ್ಯಾನಿನ ಗಿರಿಜಿ ಎಂದು ಹೆಸರು ಬಿತ್ತು. ಹುಡುಗಿಯರು ಅಂಗಳಕ್ಕೆ ಬಂದು ಕುತ್ತಿಗೆ ನೋಯುವ ತನಕ ಮೇಲೆ ನೋಡುತ್ತಿದ್ದರು, ನಾನು ಹಗ್ಗ ಹಿಡಿದು ಬಿಡುವುದು ಕಟ್ಟುವುದು ಮಾಡಿ ತೋರಿಸುತ್ತಿದ್ದೆ. ಸಿಕ್ಕ ಪುಸ್ತಕವನ್ನೆಲ್ಲ ಆ ದೀಪದ ಕೆಳಗೆ ಓದಿದೆ, ಹಳೆ ಪಂಚಾಂಗವನ್ನೂ ಬಿಡಲಿಲ್ಲ. ಗಾಳಿ ಜೋರಾದಾಗ ಅಕ್ಷರಗಳು ಕಾಗದದಿಂದ ಎದ್ದು ನಿಂತ ಹಾಗೆ ಕಾಣುತ್ತಿದ್ದವು. ಆಗ ನಾನು ಮನಸ್ಸಿನಲ್ಲೇ ಗಾಳಿಗೆ ಇನ್ನೂ, ಇನ್ನೂ ಅನ್ನುತ್ತಿದ್ದೆ.

ಗಾಳಿ ಬೆಳಕಿನ ಜೊತೆ ಇನ್ನೊಂದನ್ನೂ ತಂದಿತ್ತು. ಒಂದು ಗುಂಯ್ ಎಂಬ ದನಿ. ಅದು ಮೇಲಿನಿಂದ ಬರುತ್ತಿರಲಿಲ್ಲ, ಮನೆಯ ಒಳಗಿನಿಂದ, ತೊಲೆಯಿಂದ, ಕಂಬದಿಂದ ಬರುತ್ತಿತ್ತು. ಕಂಬಕ್ಕೆ ಬೆನ್ನು ಕೊಟ್ಟು ಕೂತರೆ ಹಲ್ಲಿನಲ್ಲಿ ಕೇಳುತ್ತಿತ್ತು. ಗೋಡೆಯ ಮಾಡದಲ್ಲಿಟ್ಟ ಹಿತ್ತಾಳೆ ತಂಬಿಗೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಎಮ್ಮೆ ಗಾಳಿಯ ದಿನ ಹಾಲು ಇಳಿಸುತ್ತಿರಲಿಲ್ಲ. ಆಮೇಲೆ ಮಣ್ಣು ಉದುರಲು ಶುರುವಾಯಿತು. ಮೊದಲು ಹಿಟ್ಟಿನಷ್ಟು ಸಣ್ಣಗೆ, ಕಾಣುವುದಕ್ಕಿಂತ ನಾಲಗೆಗೆ ತಿಳಿಯುತ್ತಿತ್ತು. ಸಾರಿನಲ್ಲಿ ಕರಕರ. ಅವ್ವನಿಗೆ ಅತ್ತ ದರಿ ಇತ್ತ ಪುಲಿ. ಗಂಡನ ದೀಪಕ್ಕೆ ಏನೂ ಅನ್ನುವಂತಿಲ್ಲ, ಅತ್ತೆಯ ಮನೆಗೆ ಏನೂ ಆಗುವಂತಿಲ್ಲ, ಅವಳು ಅಡಿಗೆಯ ಪಾತ್ರೆಗಳಿಗೆಲ್ಲ ಮುಚ್ಚಳ ಹಾಕತೊಡಗಿದಳು. ಆಯಿ ಬೇರೆ ದಾರಿ ಹಿಡಿದಳು. ತೊಲೆಯ ಕೆಳಗೆ ಹಿಟ್ಟು ನಾದುವ ಪರಾತ ಇಟ್ಟಳು. ಬೆಳಿಗ್ಗೆ ಅಪ್ಪ ಚಹಾಕ್ಕೆ ಕೂತಾಗ ಆ ಪರಾತವನ್ನು ತಂದು ಅವನ ಮುಂದೆ ಇಡುವಳು. ಅವನು ನೋಡುವವರೆಗೆ ನಿಂತು, ಮಣ್ಣನ್ನು ಒಂದು ಗಡಿಗೆಗೆ ಸುರಿದು ಇಟ್ಟುಕೊಳ್ಳುವಳು. ಕಾಮನ ಹುಣ್ಣಿಮೆ ಹೊತ್ತಿಗೆ ಪರಾತದಲ್ಲಿ ಒಂದು ಬೊಗಸೆ, ಯುಗಾದಿ ದಾಟಿದ ಮೇಲೆ ಎರಡು. ಗಡಿಗೆ ತುಂಬಿ ಇನ್ನೊಂದು ಗಡಿಗೆ ಬಂತು.

ಆಮೇಲೆ ಗೋಡೆ. ತೊಲೆ ಗೋಡೆಯ ಮೇಲೆ ಕೂತಿದ್ದಲ್ಲಿ ಒಂದು ಬಿರುಕು ಕಾಣಿಸಿತು. ಆಯಿ ನನ್ನನ್ನು ಕರೆದು ನನ್ನ ಬೆರಳನ್ನು ಅದರಲ್ಲಿ ಇಡಿಸಿದಳು. ಉಗುರು ಮಾತ್ರ ಹೋಯಿತು. ವಾರ ಬಿಟ್ಟು ಮತ್ತೆ ಇಡಿಸಿದಳು, ಒಂದು ಗೆಣ್ಣು ಹೋಯಿತು. ಮೂರನೆಯ ಸಲ ಅವಳು ಕರೆದಾಗ ನಾನು ಹೋಗಲಿಲ್ಲ. ನನ್ನ ಬೆರಳೇ ನನ್ನ ದೀಪದ ವಿರುದ್ಧ ಸಾಕ್ಷಿ ಹೇಳುತ್ತಿದೆ ಎಂದು ನನಗೆ ಸಿಟ್ಟು. ಅಪ್ಪನನ್ನೇ ಕರೆದು ತೋರಿಸಿದಳು. ಅವನು ಬೆರಳು ಹಾಕಿ, ತೆಗೆದು, ಒಳಗಿನಿಂದ ಬಂದ ಹುಡಿಯನ್ನು ಅಂಗೈಯಲ್ಲಿ ತಿಕ್ಕಿ ನೋಡಿದ. ಅದು ಮಣ್ಣಾಗಿರಲಿಲ್ಲ, ಕಟ್ಟಿಗೆ. ತೊಲೆಯ ತುದಿಯನ್ನು ಯಾವ ಕಾಲದಿಂದಲೋ ಗೆದ್ದಲು ತಿಂದಿತ್ತು. ಅಪ್ಪ ಹುಡಿಯನ್ನು ಅಂಗೈಯಿಂದ ಜಾಡಿಸಿದ. ಆಮೇಲೆ, ನಾಳೆ ಎಂ.ಕೆ. ಹುಬ್ಬಳ್ಳಿಗೆ ಹೋಗುವುದಿದೆ, ಸಕ್ಕರೆ ಫ್ಯಾಕ್ಟರಿಯಲ್ಲಿ ಹಂಗಾಮು ಮುಗಿದು ಮೋಟರುಗಳ ದುರಸ್ತಿ ನಡೆದಿದೆ, ಎರಡು ದಿನದ ಕೆಲಸ, ಬಂದವನೇ ಇಳಿಸಿಬಿಡುತ್ತೇನೆ ಎಂದ. ಮತ್ತೆ ಹಾಕುವ ಮಾತು ಎತ್ತಲಿಲ್ಲ. ಆಯಿ ಅವನ ಬೆನ್ನು ಸವರಿದಳು. ನಾನು ಹಿತ್ತಲಿಗೆ ಹೋಗಿ ಅತ್ತೆ. ಆ ಮುದುಕಿ ಸಾಯಬಾರದೇ ಎಂದು ಅಂದುಕೊಂಡೆ. ಮಕ್ಕಳು ಹೀಗೆ ಅಂದುಕೊಳ್ಳುತ್ತಾರೆ ಎಂದು ಈಗ ಎಲ್ಲರೂ ಹೇಳುತ್ತಾರೆ, ಆದರೆ ಅಂದು ಹಾಗೆ ಅಂದುಕೊಂಡವಳು ನಾನೇ.

ಮರುದಿನ ಅಪ್ಪ ಹೊರಡುವಾಗ ಬಾಲವನ್ನು ಎಳೆದು ಗೂಟಕ್ಕೆ ಕಟ್ಟಿದ್ದ. ಕತ್ತಲಾದರೆ ಊಟದ ಹೊತ್ತಿಗೆ ಬೇಕಾದರೆ ಸ್ವಲ್ಪ ಬಿಡು, ಗಾಳಿ ಎದ್ದರೆ ಮಾತ್ರ ಪೂರ್ತಿ ಎಳೆದು ಕಟ್ಟು ಎಂದು ನನಗೆ ಎರಡು ಸಲ ಹೇಳಿದ. ನನ್ನ ಕೈಯಿಂದ ಗಂಟು ಹಾಕಿಸಿ ನೋಡಿದ. ನನ್ನನ್ನು ನಂಬಿದ್ದ. ಹೋಗಿ ಬರುತ್ತೇನೆ ಎಂದು ಸರಿಯಾಗಿಯೇ ಹೇಳಿ ಹೋದ.

ಸಂಜೆ ಪಡುವಣ ದಿಕ್ಕು ಕಪ್ಪಾಯಿತು. ಮಳೆಗೆ ಮುಂಚಿನ ಗಾಳಿ ನಮ್ಮ ಕಡೆ ಹೇಗೆ ಬರುತ್ತದೆ ಎಂದರೆ, ಮೊದಲು ಎಲ್ಲ ನಿಂತುಬಿಡುತ್ತದೆ. ಬೇವಿನ ಎಲೆ ಅಲುಗುವುದಿಲ್ಲ. ಗುಡ್ಡದ ಮೇಲಿನ ದೊಡ್ಡ ಯಂತ್ರಗಳನ್ನು ಕೂಡ ಒಂದೊಂದಾಗಿ ನಿಲ್ಲಿಸಿದ್ದರು, ಅವು ಕೈ ಚಾಚಿಕೊಂಡು ಸುಮ್ಮನೆ ನಿಂತಿದ್ದವು. ಅವ್ವ ಹಿತ್ತಲಿನಲ್ಲಿ ಎಮ್ಮೆಯನ್ನು ಕೊಟ್ಟಿಗೆಗೆ ಎಳೆಯುತ್ತಿದ್ದಳು. ನಾನು ಮಾಳಿಗೆ ಹತ್ತಿದೆ. ಇನ್ನು ಒಂದೆರಡು ಸಂಜೆ ಮಾತ್ರ, ದೀಪ ನೋಡಬೇಕು ಎಂದು ಹಗ್ಗವನ್ನು ಅರ್ಧ ಬಿಟ್ಟೆ. ಆಗಲೇ ಗಾಳಿ ಬಂತು. ಕೆಂಧೂಳಿ ಕಣ್ಣಿಗೆ ಹೊಡೆಯಿತು, ರೆಕ್ಕೆಗಳು ಕಾಣದಷ್ಟು ಜೋರಾಗಿ ತಿರುಗಿದವು, ಕಾಲ ಕೆಳಗಿನ ಮಣ್ಣು ಜುಮ್ಮೆಂದಿತು. ಬೆಳಕಿಂಡಿಯಿಂದ ಬೆಳಕು ಮೇಲಕ್ಕೆ ಚಿಮ್ಮುತ್ತಿತ್ತು. ಬಗ್ಗಿ ನೋಡಿದೆ. ಆಯಿ ಕೆಳಗೆ ನಿಂತಿದ್ದಳು, ಮುಖ ಮೇಲೆತ್ತಿ. ಆ ಬಿಳಿ ಬೆಳಕಿನಲ್ಲಿ ಅವಳ ಮುಖದ ಒಂದೊಂದು ಗೆರೆಯೂ ಕಾಣುತ್ತಿತ್ತು.

"ಗಿರಿಜೀ, ದೀಪ ದೊಡ್ಡದ ಮಾಡು."

ಕೇಳಿಸಿತು. ಸ್ಪಷ್ಟವಾಗಿ ಕೇಳಿಸಿತು. ಹಗ್ಗ ನನ್ನ ಕೈಯಲ್ಲಿತ್ತು.

"ದೊಡ್ಡದ ಮಾಡ ನನ್ನವ್ವ, ದೊಡ್ಡದ ಮಾಡು."

ಎಳಿ ಅನ್ನಬಹುದಿತ್ತು. ನಿಲ್ಲಿಸು ಅನ್ನಬಹುದಿತ್ತು. ಆರಿಸು ಅಂತ ಒಂದು ಸಲ ಅಂದುಬಿಟ್ಟಿದ್ದರೆ ನನ್ನ ಕೈಗೆ ಬೇರೆ ದಾರಿಯೇ ಇರುತ್ತಿರಲಿಲ್ಲ. ಆದರೆ ಮಗ ಊರಲ್ಲಿರಲಿಲ್ಲ, ಹೊರಗೆ ಹೋದ ಮಗನಿಗೆ ಕೇಡಾದೀತೆಂದು ಹೆದರುವವಳು ಆ ಮಾತನ್ನು ಹೇಗೆ ಆಡಿಯಾಳು? ಒಂದು ಮಾತಿಗೆ ಎರಡು ಅರ್ಥವಿದೆ ಎಂದು ನನಗೆ ಆ ಗಳಿಗೆಯಲ್ಲಿ ಹೊಳೆಯಿತು. ಹೊಳೆದದ್ದು ಆ ಗಳಿಗೆಯಲ್ಲೇ, ಆಮೇಲೆ ಅಲ್ಲ. ದೊಡ್ಡದು ಮಾಡು ಅಂದಳಲ್ಲ, ಮಾಡುತ್ತೇನೆ ಎಂದುಕೊಂಡೆ. ಹಗ್ಗವನ್ನು ಪೂರ್ತಿ ಬಿಟ್ಟೆ.

ಬಲ್ಬು ಒಂದು ಕ್ಷಣ ನಾನು ಎಂದೂ ಕಾಣದಷ್ಟು ಬೆಳ್ಳಗಾಗಿ, ಫಟ್ಟೆಂದು ಹೋಯಿತು. ಹೊರೆ ಇಳಿದ ಯಂತ್ರ ಕೂಗತೊಡಗಿತು. ನಾನು ಮಾಳಿಗೆಯ ಮೂಲೆಗೆ ಓಡಿದೆ, ಅಲ್ಲಿನ ಮೋಟು ಗೋಡೆ ಗಟ್ಟಿ ಇತ್ತು, ಅದನ್ನೇ ತಬ್ಬಿಕೊಂಡೆ. ಕೆಳಗಿನ ಕತ್ತಲಿಂದ ಆಯಿಯ ದನಿ ಮೂರನೆಯ ಸಲ ಬಂತು. ಈಗ ಅವಳು ದೀಪದ ಮಾತು ಆಡಲಿಲ್ಲ.

"ಇಳದು ಬಾ ಕೂಸ. ನೀ ಮೊದಲ ಇಳದು ಬಾ."

ಅವಳು ಹೊರಗೆ ಓಡಬಹುದಿತ್ತು. ಬಾಗಿಲು ಹತ್ತು ಹೆಜ್ಜೆಯಲ್ಲಿತ್ತು. ನಾನು ಮೇಲಿದ್ದೆ ಎಂದು ಕಿಂಡಿಯ ಕೆಳಗೇ ನಿಂತಳು. ಯಂತ್ರದ ಕಂಬ ಒಂದು ಸಲ ಬಾಗಿತು, ತೊಲೆ ಮುರಿದ ಸದ್ದು ಬಂತು, ಮಾಳಿಗೆಯ ನಡುಭಾಗ ಬೆಳಕಿಂಡಿಯ ಸಮೇತ ಒಳಗೆ ಇಳಿಯಿತು. ತಾನು ತುಳಿದ ಮಣ್ಣೇ ಅವಳ ಮೇಲೆ ಬಿತ್ತು.

ಅವ್ವ, ನೆರೆಯವರು ಸೇರಿ ಕೈಯಿಂದಲೇ ಮಣ್ಣು ಬಗೆದು ಆಯಿಯನ್ನು ಹೊರಗೆ ತೆಗೆದರು. ಜೀವ ಇತ್ತು, ಸೊಂಟ ಹೋಗಿತ್ತು. ಬೈಲಹೊಂಗಲದ ಆಸ್ಪತ್ರೆಗೆ ಒಯ್ದರು, ಅಲ್ಲಿಂದ ಬೆಳಗಾವಿಗೆ. ಒಂದು ರೆಕ್ಕೆ ಎರಡು ಹೊಲ ದಾಟಿ ಜೋಳದ ಕೂಳೆಯಲ್ಲಿ ನೆಟ್ಟಿತ್ತು. ಸುದ್ದಿ ತಿಳಿದು ಬಂದ ಅಪ್ಪ ಬಿದ್ದ ಮನೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ನನ್ನನ್ನು ಹತ್ತಿರ ಕರೆದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಎಲ್ಲ ಹೇಳಿಬಿಡುತ್ತಿದ್ದೆ.

"ಹಗ್ಗ ಬಿಟ್ಟಿದ್ದಿ. ಯಾಕ ಬಿಟ್ಟಿ?"

"ಆಯಿ ದೊಡ್ಡದ ಮಾಡು ಅಂದ್ಲು."

ಒಂದಕ್ಷರವೂ ಸುಳ್ಳಲ್ಲ. ಅಪ್ಪ ಹಣೆ ಬಡಿದುಕೊಂಡ. ತಪ್ಪು ನನ್ನದು, ಆ ಗಾಬರಿಯಲ್ಲಿ ಕೂಸಿಗೆ ಹೇಗೆ ತಿಳಿಯಬೇಕು, ನಾನು ಎಳಿ ಬಿಡು ಅಂತ ಕಲಿಸಿದೆ, ಆಯಿ ತನ್ನ ಮಾತು ಆಡಿದಳು ಎಂದು ಎಲ್ಲರ ಮುಂದೆ ಹೇಳಿದ. ಊರಿನವರಿಗೆ ಅದು ಕತೆಯಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ತಲೆದೂಗಿದರು. ಶಾಸ್ತ್ರದ ಮುದುಕಿ ದೀಪ ದೊಡ್ಡದು ಮಾಡಿಸಿ ಮನೆ ಬೀಳಿಸಿಕೊಂಡಳು ಎಂದು ಕೆಲವರು ನಕ್ಕರು ಕೂಡ. ಮೂರು ತಿಂಗಳ ಮೇಲೆ ಆಯಿ ಮನೆಗೆ ಬಂದಾಗ ನೋಡಲು ಬಂದವರು ಅವಳ ಮುಂದೆಯೇ ಆ ಕತೆ ಹೇಳಿದರು. ಅವಳು ಮಲಗಿದಲ್ಲಿಂದಲೇ ಕೇಳಿದಳು. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ನಾನು ಬಾಗಿಲ ಬಳಿ ನಿಂತಿದ್ದೆ. ನನ್ನ ಕಡೆ ನೋಡಲೂ ಇಲ್ಲ.

ಅಪ್ಪ ನಡುಮನೆಗೆ ಸಿಮೆಂಟಿನ ಸ್ಲ್ಯಾಬು ಹಾಕಿಸಿದ. ಬೆಳಕಿಂಡಿ ಹೋಯಿತು, ಗೋಡೆಗೆ ಕಿಟಕಿ ಬಂತು. ಗಾಳಿಯ ಮಾತು ಮತ್ತೆ ಎತ್ತಲಿಲ್ಲ. ಆಯಿಯ ಹೊರಸು ಅದೇ ಜಾಗದಲ್ಲಿ, ಅದರ ಕೆಳಗೆ ಅವಳು ಹಟ ಹಿಡಿದು ಇಡಿಸಿಕೊಂಡ ಆ ಉದುರಿದ ಮಣ್ಣಿನ ಗಡಿಗೆ. ಅವಳ ಸೇವೆ ನನ್ನ ಪಾಲಿಗೆ ಬಂತು, ಅಥವಾ ನಾನೇ ತೆಗೆದುಕೊಂಡೆ. ಅವಳು ಮನೆಗೆ ಬಂದ ಮೊದಲ ದಿನ, ಉಂಡು ಎಲ್ಲ ಮುಗಿದ ಮೇಲೆ, ನಾನು ಕರೆಂಟು ದೀಪದ ಗುಂಡಿಯ ಹತ್ತಿರ ನಿಂತು ಅವಳ ಮಾತಿಗಾಗಿ ಕಾದೆ.

"ಆರಸು," ಎಂದಳು.

ಅವ್ವನ ಕೈಯಲ್ಲಿದ್ದ ತಂಬಿಗೆ ನಿಂತಿತು. ಮನೆಯಲ್ಲಿ ಯಾರೂ ಆ ಮಾತನ್ನು ಅವಳ ಬಾಯಲ್ಲಿ ಕೇಳಿರಲಿಲ್ಲ. ಮುದುಕಿಗೆ ಹೆದರಿಕೆ ಕೂತಿದೆ, ಇನ್ನು ಮುಂದೆ ಬಿಚ್ಚಿಯೇ ಹೇಳುತ್ತಾಳೆ ಎಂದು ಅಪ್ಪ ಅಂದುಕೊಂಡ. ಆದರೆ ಅವಳು ಅವ್ವನಿಗೆ ಹೇಳುವಾಗ ದೊಡ್ಡದು ಮಾಡು ಅಂತಲೇ ಹೇಳುತ್ತಿದ್ದಳು. ಅಪ್ಪನಿಗೂ ಹಾಗೇ. ಆರಿಸು ಎಂಬ ಮಾತು ನನಗೊಬ್ಬಳಿಗೇ. ಒಂಬತ್ತು ವರ್ಷ, ಪ್ರತಿ ಸಂಜೆ. ಬೈಯಲಿಲ್ಲ, ಕೇಳಲಿಲ್ಲ, ಯಾರಿಗೂ ಹೇಳಿಕೊಡಲಿಲ್ಲ, ನನ್ನ ಕೈಯಿಂದಲೇ ಉಂಡಳು, ನನ್ನ ತಲೆ ಬಾಚಿದಳು. ದೀಪದ ಹೊತ್ತಿಗೆ ಮಾತ್ರ ಆ ಒಂದು ಮಾತು. ನಾನು ಪ್ರತಿ ದಿನ ಅದನ್ನು ಕೇಳಿ ಗುಂಡಿ ಒತ್ತುತ್ತಿದ್ದೆ. ಈಗ ನಾನು ರಾಮದುರ್ಗದಲ್ಲಿ ಅಪ್ಪನ ಕಸುಬನ್ನೇ ಮಾಡುತ್ತೇನೆ, ಮೋಟರು ತಂದವರು ಹೇಳಿದ್ದನ್ನು ಎರಡೆರಡು ಸಲ ಕೇಳಿಯೇ ಕೈ ಹಚ್ಚುತ್ತೇನೆ. ಅಕ್ಕಾರಿಗೆ ಕಿವಿ ಮಂದ ಎಂದು ನಗುತ್ತಾರೆ. ನಗಲಿ. ನನ್ನ ಕಿವಿ ಯಾವತ್ತೂ ಚೆನ್ನಾಗಿಯೇ ಇತ್ತು.

ಮದುವೆಯಾಗಿ ರಾಮದುರ್ಗಕ್ಕೆ ಹೊರಡುವ ಹಿಂದಿನ ಸಂಜೆ, ಅಂಗಳದಲ್ಲಿ ಇನ್ನೂ ಹಂದರವಿತ್ತು. ಆಯಿಗೆ ಉಣ್ಣಿಸಿ, ಬಾಯಿ ಒರೆಸಿ, ಹೊದಿಕೆ ಎಳೆದು, ಗುಂಡಿಯ ಹತ್ತಿರ ಹೋಗಿ ನಿಂತೆ. ಹೊರಗೆ ಗಾಳಿ ಹಂದರದ ಗರಿಗಳನ್ನು ಅಲುಗಿಸುತ್ತಿತ್ತು.

"ದೊಡ್ಡದ ಮಾಡು," ಎಂದಳು.

ನನ್ನ ಕೈ ಗುಂಡಿಯ ಮೇಲೆ ನಿಂತಿತು.

"ಏನ ಮಾಡ್ಲಿ ಆಯಿ?"

ಅವಳು ಮುಖ ತಿರುಗಿಸಿ, ಒಂಬತ್ತು ವರ್ಷದಲ್ಲಿ ಮೊದಲ ಸಲ, ದೀಪದ ಹೊತ್ತಿನಲ್ಲಿ ನನ್ನನ್ನು ನೋಡಿದಳು.

"ನಿನಗ ಗೊತ್ತೈತಿ. ಆವತ್ತೂ ಗೊತ್ತಿತ್ತು."

ನಾನು ದೀಪ ದೊಡ್ಡದು ಮಾಡಿದೆ.